ಪ್ರತಿಧ್ವನಿಯಿಂದ ಮೀನಿನ ಎಣಿಕೆ

ಬ್ರಿಟನ್ನಿಗೂ ನಾರ್ವೆಗೂ ನಡುವಣ ಉತ್ತರ ಸಮುದ್ರದಲ್ಲಿ ಹೆರಿಂಗ್ ಮೀನು ಹಿಂಡುಹಿಂಡಾಗಿ ಸಂಚರಿಸುತ್ತದೆ. ಅತಿಯಾಗಿ ಹಿಡಿದುದರಿಂದ ಅದು ಕ್ಷಯಿಸಿ, 1977ರಲ್ಲಿ ಅಲ್ಲಿ ಅದರ ಬೇಟೆಯನ್ನೇ ನಿಲ್ಲಿಸಬೇಕಾಯಿತು. ಹಾಗಾದರೆ ಕಣ್ಣಿಗೆ ಕಾಣದ ಈ ಸಂಪತ್ತನ್ನು ನಾವು ಅಳೆಯುವುದೆಂತು?

ಹಡಗಿನ ತಳದಿಂದ ಧ್ವನಿಯನ್ನು ಕೆಳಕ್ಕೆ ಕಳುಹಿಸುತ್ತಾರೆ. ಸೆಕೆಂಡಿಗೆ ಸುಮಾರು 1500 ಮೀಟರು ಧಾವಿಸುವ ಅದು, ಮುಖ್ಯವಾಗಿ ಮೀನಿನ ಒಡಲಿನ ಗಾಳಿಚೀಲಕ್ಕೆ ತಾಗಿ ಮರಳುತ್ತದೆ. ಮರಳಿದ ಒಟ್ಟು ಪ್ರತಿಧ್ವನಿಯನ್ನು ಒಂದು ಮೀನಿನ ಪ್ರತಿಧ್ವನಿಯಿಂದ ಭಾಗಿಸಿದರೆ ಸಂಖ್ಯೆಯು ದೊರೆಯುತ್ತದೆ. ತೊಡಕಿರುವುದು ಆ ಭಾಜಕದಲ್ಲಿಯೇ. ಮೀನಿನ ಜಾತಿ, ಉದ್ದಗಳಿಗೆ ತಕ್ಕಂತೆ ಅದು ಬೇರೆಯಾಗುತ್ತದೆ; ಆಳಕ್ಕಿಳಿದಂತೆ ಹೆರಿಂಗಿನ ಗಾಳಿಚೀಲವು ಕುಗ್ಗಿ, ಪ್ರತಿಧ್ವನಿಯು ಕ್ಷೀಣಿಸುತ್ತದೆ. ಆದುದರಿಂದ ಪರಿಶೋಧಕರು ನಡುನಡುವೆ ಬಲೆ ಬೀಸಿ ಮೀನನ್ನು ಕಣ್ಣಾರೆ ಪರೀಕ್ಷಿಸುತ್ತಾರೆ.

ಎಷ್ಟು ಹಿಡಿಯಬಹುದೆಂಬ ನಿರ್ಣಯಕ್ಕೆ ಈ ಎಣಿಕೆಯೂ ಒಂದು ಆಧಾರ. ಅದು ತಪ್ಪಿದರೆ ಕೆಡುವುದು ಗಣಿತವೊಂದೇ ಅಲ್ಲ, ಬೆಸ್ತರ ಬಾಳೂ ಎಂಬುದನ್ನು ನಾವು ಮರೆಯಲಾಗದು.