ಮಡಕೆಯ ಚೂರಿಗೆ ಊರು ಯಾವುದು?

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಉಪಾಧ್ಯಾಯರ ಮುಂದೆ ಮಾಡಿದ ಭಾಷಣ)



ನಾಡಿನ ಪೂರ್ವಚರಿತ್ರೆಯನ್ನು ಕೇಳಿದವರಿಗೆ ನಾವು ಮೊದಲು ತೋರಿಸುವುದು ಶಾಸನಗಳನ್ನು. ಅದು ಯುಕ್ತವೇ ಸರಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಸುಮಾರಿನ ಕಲ್ಲು, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಆದರೆ ಆ ನಾಯಿಗೆ ನೀರಿಟ್ಟ ಮಡಕೆಯನ್ನು ಮಾಡಿದವನು ಯಾವ ಊರಿನವನು? ನಾಯಿಗೆ ಹೆಸರುಂಟು, ಕುಂಬಾರನಿಗಿಲ್ಲ. ಅವನ ಶಾಸನವೆಂದರೆ ನಾವು ತುಳಿದು ನಡೆಯುವ ಚೂರೇ ಆಗಿದೆ.

ಚೂರನ್ನು ಓದುವುದೆಂತು? ಮೊದಲನೆಯ ಸಾಕ್ಷಿ ಆವಿಗೆ. ಒಡೆದ ಮಡಕೆ ಎಲ್ಲಿಯಾದರೂ ಸಿಕ್ಕೀತು. ಆದರೆ ಉರಿ ಹೆಚ್ಚಾಗಿ ಸೊಟ್ಟಗಾದ, ಸೀಳಿದ, ಒಂದಕ್ಕೊಂದು ಅಂಟಿದ ಮಡಕೆಯನ್ನು ಯಾರೂ ಸಂತೆಗೆ ಹೊರುವುದಿಲ್ಲ. ಅದನ್ನು ಆವಿಗೆಯ ಬಳಿಯೇ ಬಿಸಾಡುತ್ತಾರೆ. ಅಂಥ ಚೂರುಗಳ ರಾಶಿ ಬೂದಿಯೊಡನೆ ಕಂಡರೆ ಅಲ್ಲಿ ಕುಂಬಾರಿಕೆ ನಡೆದಿತ್ತೆಂದು ಊಹಿಸಬಹುದು. ಆದರೆ ಸೌದೆ, ಹುಲ್ಲು, ಬೆರಣಿಗಳನ್ನು ಒಟ್ಟಿ ಸುಡುವ ಆವಿಗೆಗೆ ಗೋಡೆಯಿಲ್ಲ. ನಾಲ್ಕು ಮಳೆ, ನಾಲ್ಕು ಉಳುಮೆಯಾದ ಮೇಲೆ ಅದರ ಗುರುತು ಅಳಿಯುತ್ತದೆ.

ಆಗ ಎರಡನೆಯ ಸಾಕ್ಷಿಯಾಗಿ ಮಣ್ಣೇ ನಿಲ್ಲುತ್ತದೆ. ಚೂರನ್ನು 0.03 ಮಿಲಿಮೀಟರಿನಷ್ಟು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದರೆ, ಜೇಡಿಯೊಳಗಿನ ಮರಳಿನ ಕಣಗಳು ಯಾವ ಬಂಡೆಯಿಂದ ಬಂದವೆಂದು ತಿಳಿಯುತ್ತದೆ. ಈ ಮೂರು ತಾಲ್ಲೂಕುಗಳ ನೆಲದಡಿಯಲ್ಲಿ ಹೆಚ್ಚಾಗಿ ಒಂದೇ ಜಾತಿಯ ಹಳೆಯ ನೈಸ್ ಶಿಲೆಯಿರುವುದರಿಂದ ಮದ್ದೂರಿನ ಕೆರೆಮಣ್ಣನ್ನೂ ಮಳವಳ್ಳಿಯ ಕೆರೆಮಣ್ಣನ್ನೂ ಬೇರ್ಪಡಿಸುವುದು ಸುಲಭವಲ್ಲ. ಆದರೂ ದಾರಿ ಮುಚ್ಚಿಲ್ಲ. ಕಾವೇರಿಯ ಮರಳು ಕೊಡಗಿನ ಬೆಟ್ಟಗಳಿಂದ ಇಳಿದು ಬರುತ್ತದೆ. ಶಿಂಷಾ ನದಿ ತುಮಕೂರಿನ ದೇವರಾಯನದುರ್ಗದ ಕಡೆಯಿಂದ ಮದ್ದೂರಿನ ಮಾರ್ಗವಾಗಿ ಹರಿದು ಬರುತ್ತದೆ. ಕಣ್ಣಿಗೆ ಕಾಣದ ಭೇದವನ್ನು ಮಣ್ಣಿನಲ್ಲಿ ಅತ್ಯಲ್ಪವಾಗಿ ಬೆರೆತಿರುವ ಧಾತುಗಳ ಪ್ರಮಾಣ ಹೇಳಬಲ್ಲದು.

ರೂಪವನ್ನಷ್ಟೇ ನಂಬಿದರೆ ಮೋಸಹೋಗುವೆವು. 1947ರಲ್ಲಿ ವೀಲರ್ ಅವರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯನ್ನು ಅಗೆಸಿದಾಗ, ಒಳಗೆ ಸಾಲುಸಾಲಾದ ಗೆರೆಗಳುಳ್ಳ ನಯವಾದ ತಟ್ಟೆಗಳು ದೊರೆತವು. ಆ ಕುಶಲತೆಯ ಮೂಲ ಮೆಡಿಟರೇನಿಯನ್ ಕಡಲಿನ ಕಡೆಯದೆಂದು ಬಹುಕಾಲ ನಂಬಲಾಗಿತ್ತು. 1997ರಲ್ಲಿ ಪುಣೆಯ ವಿ. ಡಿ. ಗೋಗ್ಟೆಯವರು ಇಂಥ ಪಾತ್ರೆಗಳ ಮಣ್ಣನ್ನು ಪರೀಕ್ಷಿಸಿದಾಗ ಅದು ಬಂಗಾಳದ ಗಂಗಾತೀರದತ್ತ ಬೆರಳು ತೋರಿಸಿತು. ಅವು ಮಧ್ಯಯುಗಕ್ಕಿಂತ ಹಳೆಯ ಪಾತ್ರೆಗಳು. ಆದರೆ ಪಾಠ ಎಲ್ಲ ಕಾಲಕ್ಕೂ ಒಂದೇ.

ಮೂರನೆಯ ಸಾಕ್ಷಿ ನಮ್ಮ ನಡುವೆಯೇ ಇರುವ ಕುಂಬಾರ. ಹಲವು ದೇಶಗಳ ಕುಂಬಾರರನ್ನು ಕುರಿತು 1985ರಲ್ಲಿ ಗ್ರಂಥ ಬರೆದ ಡೀನ್ ಆರ್ನಲ್ಡ್ ಎಂಬ ವಿದ್ವಾಂಸರು, ಅವರಲ್ಲಿ ಬಹುಮಂದಿ ಜೇಡಿಯನ್ನು 7 ಕಿಲೋಮೀಟರಿನೊಳಗೇ ತರುತ್ತಾರೆಂದು ತೋರಿಸಿದರು. ಎಂದಮೇಲೆ ಮಡಕೆಯ ಮಣ್ಣು ಸಿಕ್ಕಿದರೆ ಮಡಕೆಯ ಊರೂ ಸಿಕ್ಕಿದಂತೆಯೇ. ಯಾವ ಕೆರೆಯ ಮಣ್ಣು ತಿಗುರಿಗೆ ಒಗ್ಗುತ್ತದೆ, ಯಾವುದು ಆವಿಗೆಯಲ್ಲಿ ಬಿರಿಯುತ್ತದೆ ಎಂಬುದನ್ನು ಮುದುಕ ಕುಂಬಾರನು ಬೆರಳಿನಿಂದಲೇ ಬಲ್ಲನು. ಆ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ಅವನ ಮಕ್ಕಳು ಬೇರೆ ಕಸುಬು ಹಿಡಿದರೆ ಅದು ಅವನೊಡನೆಯೇ ಹೋಗುವುದು. ಹೂಳೆತ್ತುವ ಯಂತ್ರಗಳು ಕೆರೆಯಂಗಳದ ಹಳೆಯ ಮಣ್ಣನ್ನು ಒಯ್ಯುತ್ತಿವೆ. ಹಾಳೂರಿನ ದಿಬ್ಬಗಳು ಸಮವಾಗಿ ಗದ್ದೆಗಳಾಗುತ್ತಿವೆ.

ಆದುದರಿಂದ ನನ್ನ ಬಿನ್ನಹ ಇಷ್ಟು. ಹಾಳೂರಿನ ದಿಬ್ಬವನ್ನು ಅಗೆಯಬೇಡಿರಿ. ಅಗೆತ ಬಲ್ಲವರ ಕೆಲಸ. ಮಳವಳ್ಳಿಯ ಗಡಿಗೆ ಹತ್ತಿರದ ತಲಕಾಡಿನಲ್ಲಿ 1992-93ರಲ್ಲಿ ಅಂಥವರು ಕ್ರಮವಾಗಿ ಅಗೆದರು. ನೀವು ಚೂರು ಕಂಡ ಸ್ಥಳ, ಸರ್ವೆ ನಂಬರು, ಹತ್ತಿರದ ಕೆರೆಯ ಹೆಸರು ಇವನ್ನು ಬರೆದಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಸ್ಥಳ ತಿಳಿಯದ ಚೂರು ತಲೆಯೂ ಕೊನೆಯೂ ಹರಿದ ಓಲೆಯಂತೆ. ನಿಮ್ಮ ಊರಿನ ಕುಂಬಾರರ ಮನೆಗೆ ಮಕ್ಕಳನ್ನು ಕರೆದೊಯ್ದು, ಅಜ್ಜನು ಮಣ್ಣು ತಂದ ಜಾಗವನ್ನು ಕೇಳಿ ಬರೆಯಿಸಿರಿ. ಕಲ್ಲಿನಲ್ಲಿ ಹೆಸರು ಕೆತ್ತಿಸಲಾರದವರ ಚರಿತ್ರೆಯೂ ನಾಡಿನ ಚರಿತ್ರೆಯೇ. ಅದನ್ನು ಕಾಯುವ ಭಾರ ನಮ್ಮದು.