ಡಬ್ಬಿ ಹಾಲಿನ ಕೂಸಿಗೆ ಎಷ್ಟು ಹಾಲು, ಎಷ್ಟು ಸಲ?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಪ್ರತಿವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹವನ್ನು ಆಚರಿಸುತ್ತೇವೆ. ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದವರು ತಾವು. ಆ ಮಾತಿನಲ್ಲಿ ಯಾವ ಬದಲಾವಣೆಯೂ ಇಲ್ಲ. ಆದರೆ ಎದೆಹಾಲು ದೊರೆಯದ ಕೆಲವು ಕೂಸುಗಳೂ ನಮ್ಮ ಊರುಗಳಲ್ಲಿವೆ. ತಾಯಿ ಹೆರಿಗೆಯಲ್ಲಿ ತೀರಿಕೊಂಡ ಮನೆ, ತಾಯಿ ತೀವ್ರ ನಿಗಾ ಘಟಕದಲ್ಲಿರುವ ಮನೆ, ಕ್ಯಾನ್ಸರ್ ಔಷಧಿ ಪಡೆಯುತ್ತಿರುವ ತಾಯಿ, ದತ್ತು ಬಂದ ಶಿಶು: ಇವರ ಸಂಖ್ಯೆ ಅಲ್ಪವಾದರೂ ಇವರ ಅಪಾಯ ಅಲ್ಪವಲ್ಲ. ಡಬ್ಬಿ ಹಾಲಿನ ಮಾತೆತ್ತಿದರೆ ಅದರ ಪ್ರಚಾರ ಮಾಡಿದಂತಾದೀತೆಂಬ ಅಂಜಿಕೆಯಿಂದ ನಾವು ಇಂಥ ಮನೆಗಳಲ್ಲಿ ಮೌನ ವಹಿಸುತ್ತೇವೆ. ಆಗ ಮನೆಯವರು ಅಳತೆಯನ್ನು ಅಂಗಡಿಯವನಿಂದಲೋ ನೆರೆಮನೆಯವರಿಂದಲೋ ಕೇಳಿ ತಿಳಿಯುತ್ತಾರೆ.

ಈ ಅಂಜಿಕೆಗೆ ಕಾರಣವಿಲ್ಲ. ಶಿಶು ಹಾಲಿನ ಬದಲಿ ಪದಾರ್ಥಗಳನ್ನು ಕುರಿತ 1992ರ ಕೇಂದ್ರ ಅಧಿನಿಯಮವು, 2003ರ ತಿದ್ದುಪಡಿಯೊಂದಿಗೆ, ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ. ಅದೇ ಅಧಿನಿಯಮವು, ಇಂಥ ಹಾಲನ್ನು ಕುಡಿಸುವ ಕ್ರಮವನ್ನು ತಾಯಿಗೆ ಅಥವಾ ಮನೆಯವರಿಗೆ ತೋರಿಸಿಕೊಡುವ ಕೆಲಸವನ್ನು ಆರೋಗ್ಯ ಕಾರ್ಯಕರ್ತರಿಗೆ ಮಾತ್ರ ವಹಿಸಿದೆ. ತಪ್ಪು ಬಳಕೆಯ ಕೇಡನ್ನೂ ಅವರೇ ವಿವರಿಸಬೇಕೆಂದು ವಿಧಿಸಿದೆ.

ಅಗತ್ಯವಿದೆಯೇ ಎಂಬುದು ಮೊದಲ ಪ್ರಶ್ನೆ. ಶಸ್ತ್ರಚಿಕಿತ್ಸೆಯ ಹೆರಿಗೆಯಾಯಿತು, ಎರಡನೆಯ ದಿನವಾದರೂ ಹಾಲು ಇಳಿದಿಲ್ಲ, ಕೂಸು ಪದೇಪದೇ ಅಳುತ್ತದೆ ಎಂಬಿವು ಡಬ್ಬಿ ತರಲು ಕಾರಣಗಳಲ್ಲ. ಮೊದಲ ಎರಡು ಮೂರು ದಿನ ಬರುವ ಗಿಣ್ಣುಹಾಲು ಕೆಲವೇ ಚಮಚವಿದ್ದರೂ ಆರೋಗ್ಯವಂತ ಕೂಸಿಗೆ ಸಾಕಾಗುತ್ತದೆ. ತಾಯಿ ಬೇರೆ ಕಡೆ ದಾಖಲಾಗಿದ್ದರೆ ಕೈಯಿಂದ ಹಿಂಡಿದ ಹಾಲನ್ನು ಶುಚಿಯಾದ ಬಟ್ಟಲಲ್ಲಿ ತಂದು ಕುಡಿಸಬಹುದು. ಹಾಲು ನಿಜವಾಗಿಯೂ ಕಡಿಮೆಯಿದ್ದರೆ ಮೊದಲು ಎದೆಗೆ ಹಚ್ಚಿ, ಅನಂತರ ಕೊರತೆಯಷ್ಟನ್ನು ಮಾತ್ರ ತುಂಬಿಕೊಡಬೇಕು. ಈ ನಿರ್ಣಯ ವೈದ್ಯಾಧಿಕಾರಿಗಳದ್ದು.

ಇನ್ನು ಪ್ರಮಾಣದ ವಿಚಾರ. ಪ್ರಮಾಣ ನಿರ್ಧಾರವಾಗುವುದು ಕೂಸಿನ ತೂಕದಿಂದ. ಮೊದಲ ದಿನ ಪ್ರತಿ ಕಿಲೋ ತೂಕಕ್ಕೆ ದಿನವೊಂದಕ್ಕೆ ಸುಮಾರು 60 ಮಿಲಿಲೀಟರ್. ಅಲ್ಲಿಂದ ದಿನಕ್ಕೆ 15ರಷ್ಟು ಏರಿಸುತ್ತ ಹೋದರೆ ಏಳನೆಯ ದಿನಕ್ಕೆ ಪ್ರತಿ ಕಿಲೋಗೆ 150 ಆಗುತ್ತದೆ. 3 ಕಿಲೋ ತೂಕದ ಕೂಸನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲ ದಿನ ಅದಕ್ಕೆ ಒಟ್ಟು 180 ಮಿ.ಲೀ.; ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 20ರಿಂದ 25. ನಾಲ್ಕನೆಯ ದಿನ ಸಲಕ್ಕೆ ಸುಮಾರು 40. ಏಳನೆಯ ದಿನ ಒಟ್ಟು 450, ಸಲಕ್ಕೆ 55ರಿಂದ 60. ಎರಡೂವರೆ ಕಿಲೋದ ಕೂಸಿಗೆ ಏಳನೆಯ ದಿನ ಸಲಕ್ಕೆ 45ರಿಂದ 50 ಸಾಕು. ಕೂಸು ಹುಟ್ಟಿದಾಗಿನ ತೂಕಕ್ಕೆ ಮರಳುವವರೆಗೆ ಆ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು, ಬಳಿಕ ಆಯಾ ವಾರದ ತೂಕವನ್ನು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಅಥವಾ ದಿನ ತುಂಬದೆ ಹುಟ್ಟಿದ ಕೂಸಿಗೆ ಈ ಲೆಕ್ಕವನ್ನು ತಾವೇ ಹಚ್ಚಬಾರದು. ಅದರ ಪ್ರಮಾಣವನ್ನೂ ಅಂತರವನ್ನೂ ವೈದ್ಯರು ಬರೆದುಕೊಡಬೇಕು.

ದಿನಕ್ಕೆ ಎಂಟು ಸಲ ಎಂದರೆ ಹೆಚ್ಚುಕಡಿಮೆ ಮೂರು ತಾಸಿಗೊಮ್ಮೆ, ರಾತ್ರಿಯೂ ಸೇರಿ. ಆದರೆ ಗಡಿಯಾರವನ್ನೇ ನೆಚ್ಚಬೇಕಾಗಿಲ್ಲ. ಹಸಿದ ಕೂಸು ತಲೆ ಹೊರಳಿಸಿ ಬಾಯಿ ತೆರೆಯುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ. ಅಳು ಬರುವುದು ಇವೆಲ್ಲ ಆದಮೇಲೆ. ಎರಡೂವರೆ ತಾಸಿಗೇ ಈ ಗುರುತು ಕಂಡರೆ ಕುಡಿಸಿರಿ. ಮೊದಲ ವಾರಗಳಲ್ಲಿ ನಾಲ್ಕು ತಾಸಾದರೂ ಏಳದೆ ಮಲಗಿದ್ದರೆ ಎಬ್ಬಿಸಿ ಕುಡಿಸಿರಿ. ತುಟಿ ಮುಚ್ಚಿ ಮುಖ ತಿರುಗಿಸಿದ ಕೂಸಿಗೆ ಬಟ್ಟಲಲ್ಲಿ ಉಳಿದ ಹತ್ತು ಮಿ.ಲೀ.ಯನ್ನು ಒತ್ತಾಯದಿಂದ ಹಾಕಬಾರದು. ಮೇಲೆ ಹೇಳಿದ ಅಂಕಿಗಳು ಇಡೀ ದಿನದ ಅಂದಾಜು. ಒಂದು ಹೊತ್ತು ಕಡಿಮೆ ಕುಡಿದ ಕೂಸು ಮುಂದಿನ ಹೊತ್ತಿಗೆ ಹೆಚ್ಚು ಕುಡಿಯುವುದು ಸಹಜ.

ಈ ಉಪನ್ಯಾಸದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವ ವಿಷಯ ಬೇರೆಯದು. ನಮ್ಮ ಭಾಗದಲ್ಲಿ ಡಬ್ಬಿ ಹಾಲಿನ ಕೂಸು ಸೊರಗುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಹಾಲನ್ನು ತೆಳುಮಾಡುವುದು. ಕೂಲಿಯ ಮನೆಗೆ ಡಬ್ಬಿಯ ಬೆಲೆ ಭಾರ. 30 ಮಿ.ಲೀ. ನೀರಿಗೆ ಒಂದು ಚಮಚ ಪುಡಿ ಹಾಕಬೇಕಾದಲ್ಲಿ 60ಕ್ಕೆ ಒಂದು ಹಾಕುತ್ತಾರೆ. ಗಟ್ಟಿ ಹಾಲು ಕೂಸಿಗೆ ಅರಗದೆಂದು ಹಿರಿಯರೂ ಅದಕ್ಕೆ ಒಪ್ಪಿಗೆ ಕೊಡುತ್ತಾರೆ. ಆ ಕೂಸು ಹೊಟ್ಟೆ ತುಂಬ ಕುಡಿಯುತ್ತದೆ, ಮಲಗುತ್ತದೆ, ಚೆನ್ನಾಗಿ ಮೂತ್ರವನ್ನೂ ಮಾಡುತ್ತದೆ. ದಿನಕ್ಕೆ ಆರು ಸಲ ಮೂತ್ರವಾದರೆ ಹಾಲು ಸಾಕಾಗಿದೆ ಎಂಬ ನಮ್ಮ ಸಾಮಾನ್ಯ ಗುರುತು ಎದೆಹಾಲಿನ ಕೂಸಿಗೆ ಸರಿಯಾದದ್ದು. ಇಲ್ಲಿ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಬರಿಯ ನೀರಿನಿಂದಲೂ ಮೂತ್ರವಾಗುತ್ತದೆ. ಅರ್ಧ ಆಹಾರದ ಕೂಸನ್ನು ಕಂಡುಹಿಡಿಯುವುದು ತಕ್ಕಡಿ. ತೆಳುಹಾಲು ಅತಿಯಾದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಸೆಳವೂ ಬರಬಹುದು. ಬೇಗ ದಪ್ಪವಾಗಲೆಂದು ಹೆಚ್ಚು ಪುಡಿ ಹಾಕುವುದೂ ಅಷ್ಟೇ ಕೆಟ್ಟದ್ದು. ಅದರಿಂದ ಕೂಸಿನ ಮೈಯಲ್ಲಿ ನೀರಿನಂಶ ಕುಂದುತ್ತದೆ.

ಮನೆಯವರನ್ನು ತಪ್ಪಿತಸ್ಥರಂತೆ ವಿಚಾರಿಸದೆ ಇದನ್ನು ತಿಳಿಯಲು ಒಂದು ಉಪಾಯವುಂಟು. ಸರಿಯಾಗಿ ಬೆರೆಸಿದ 100 ಮಿ.ಲೀ. ಹಾಲಿಗೆ ಸುಮಾರು 13 ಗ್ರಾಂ ಪುಡಿ ಬೇಕು. ಏಳು ದಿನ ತುಂಬಿದ 3 ಕಿಲೋದ ಕೂಸಿಗೆ ದಿನಕ್ಕೆ 450 ಮಿ.ಲೀ. ಎಂದರೆ ಸುಮಾರು 60 ಗ್ರಾಂ ಪುಡಿ. 400 ಗ್ರಾಂ ಡಬ್ಬಿ ಆರೇಳು ದಿನದಲ್ಲಿ ಮುಗಿಯಬೇಕು. ಕೂಸು 4 ಕಿಲೋ ಆದಾಗ ಅದೇ ಡಬ್ಬಿ ಐದು ದಿನಕ್ಕೆ ಸಾಲುತ್ತದೆ. ಎದೆಹಾಲು ಸ್ವಲ್ಪವೂ ಇಲ್ಲದ ಮನೆಯಲ್ಲಿ ಒಂದು ಡಬ್ಬಿ ಹನ್ನೆರಡು ದಿನ ಬಂತೆಂದರೆ ಕೂಸು ಅರೆಹೊಟ್ಟೆಯಲ್ಲಿದೆ ಎಂದೇ ತಿಳಿಯಿರಿ. ಡಬ್ಬಿ ತೆರೆದ ದಿನಾಂಕವನ್ನು ಅದರ ಮುಚ್ಚಳದ ಮೇಲೆ ಪೆನ್ನಿನಿಂದ ಬರೆಸಿರಿ.

ಚಮಚದ ಲೆಕ್ಕ ಎಲ್ಲ ಡಬ್ಬಿಗಳಿಗೂ ಒಂದೇ ಅಲ್ಲ. ಒಂದು ಕಂಪನಿಯ ಚಮಚವನ್ನು ಇನ್ನೊಂದರ ಡಬ್ಬಿಗೆ ಬಳಸಕೂಡದು. ಡಬ್ಬಿಯ ಮೇಲಿನ ಸೂಚನೆಯನ್ನು ತಾವೇ ಓದಿ ಹೇಳಿರಿ. ಮೊದಲು ನೀರನ್ನು ಅಳೆದು, ಆಮೇಲೆ ಪುಡಿ. ಚಮಚದ ಮೇಲ್ಭಾಗವನ್ನು ಸಮನಾಗಿ ಸವರಬೇಕು, ಒತ್ತಿ ತುಂಬಬಾರದು. ನೀರು ಕುದಿಸಿದ ಅರ್ಧ ತಾಸಿನೊಳಗೆ, ಅದು ಇನ್ನೂ 70 ಡಿಗ್ರಿಗಿಂತ ಕೆಳಗಿಳಿಯದಿರುವಾಗಲೇ ಪುಡಿ ಬೆರೆಸಿ, ಬಳಿಕ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸೂಚಿಸಿದೆ. ಪುಡಿ ಕ್ರಿಮಿರಹಿತ ಪದಾರ್ಥವಲ್ಲದಿರುವುದೇ ಇದಕ್ಕೆ ಕಾರಣ. ಮುಂಗೈ ಮೇಲೆ ಹನಿ ಹಾಕಿ ನೋಡಿಯೇ ಕುಡಿಸಬೇಕು. ಕಲಸಿದ ಹಾಲನ್ನು ಎರಡು ತಾಸಿನೊಳಗೆ ಬಳಸಬೇಕು; ಕೂಸು ಕುಡಿದು ಬಿಟ್ಟದ್ದನ್ನು ಚೆಲ್ಲಬೇಕು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದರಲ್ಲಿ ಸಡಿಲಿಕೆ ಸಲ್ಲದು.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯ ತೊಡಕು ಬೇರೆ ಜಿಲ್ಲೆಗಳವರಿಗೆ ಸುಲಭವಾಗಿ ತಿಳಿಯದು. ಡೋಣಿ ಕೊಳ್ಳದ ಸವಳು ನೀರನ್ನೂ ಕೆಲವು ಕೊಳವೆಬಾವಿಗಳ ಫ್ಲೋರೈಡನ್ನೂ ತಾವು ಬಲ್ಲಿರಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಬಹಳ ಹೊತ್ತು ಕುದಿಸಿದರೆ ಉಪ್ಪಿನ ಸಾಂದ್ರತೆ ಏರುತ್ತದೆ. ಆದುದರಿಂದ ಅಂಥ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ತರಿಸಬೇಕು. ಘಟಕದ ನೀರೆಂದು ಕುದಿಸದೆ ಬಳಸುವುದೂ ತಪ್ಪು, ಏಕೆಂದರೆ ಘಟಕದಿಂದ ಮನೆಗೆ ಬರುವಷ್ಟರಲ್ಲಿ ಕ್ಯಾನು, ಕೊಡ, ಕೈ ಎಲ್ಲವೂ ಅದನ್ನು ಮುಟ್ಟಿರುತ್ತವೆ. ಘಟಕ ಕೆಟ್ಟಿರುವ ಊರಿನಲ್ಲಿ ಇಂಥ ಕೂಸೊಂದಿದ್ದರೆ ದುರಸ್ತಿಯ ಕೋರಿಕೆಯಲ್ಲಿ ಆ ಸಂಗತಿಯನ್ನು ಬರೆಯಬೇಕೆಂದು ಗ್ರಾಮ ಪಂಚಾಯಿತಿ ಸದಸ್ಯರನ್ನು ವಿನಂತಿಸುತ್ತೇನೆ.

ಕುಡಿಸಲು ಸೀಸೆ ಬೇಡ. ಅದರ ರಬ್ಬರಿನ ತೊಟ್ಟನ್ನು ಶುಚಿಯಾಗಿಡುವುದು ಎಲ್ಲರ ಮನೆಯಲ್ಲಿ ಆಗುವ ಕೆಲಸವಲ್ಲ. ನಮ್ಮ ಅಜ್ಜಿಯರ ಒಳಲೆ, ಅಥವಾ ಸಣ್ಣ ಬಟ್ಟಲು ಚಮಚ, ತಿಕ್ಕಿ ತೊಳೆದು ಕುದಿಸಲು ಸುಲಭ. ಕೂಸನ್ನು ತೊಡೆಯ ಮೇಲೆ ತಲೆ ಎತ್ತರವಾಗಿರುವಂತೆ ಹಿಡಿದು, ಹಾಲು ಕೆಳತುಟಿಗೆ ತಾಗುವಂತೆ ಮಾಡಿ, ಅದು ತಾನೇ ನುಂಗಲು ಬಿಡಬೇಕು. ಮಲಗಿಸಿ ಸುರಿದರೆ ನೆತ್ತಿಗೇರುತ್ತದೆ.

ಮನೆಯಲ್ಲಿ ಎಮ್ಮೆ ಇರುವಾಗ ಡಬ್ಬಿ ಏಕೆಂದು ಅಜ್ಜಿ ಕೇಳುವುದು ನ್ಯಾಯವಾಗಿಯೇ ಇದೆ. ಎಮ್ಮೆ, ಆಕಳ ಹಾಲಿನಲ್ಲಿ ಪ್ರೋಟೀನು ಮತ್ತು ಲವಣಗಳು ನವಜಾತ ಶಿಶುವಿನ ಮೂತ್ರಪಿಂಡಕ್ಕೆ ಅತಿಯಾಗುತ್ತವೆ, ಕಬ್ಬಿಣದ ಅಂಶ ತೀರ ಕಡಿಮೆ. ನೀರು ಬೆರೆಸಿದರೆ ಈ ದೋಷಗಳೆಲ್ಲ ಹೋಗುವುದಿಲ್ಲ ಎಂದು ಅವರಿಗೆ ಸಾವಧಾನದಿಂದ ತಿಳಿಸಿರಿ. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಬೇಡ. ಬೇಸಿಗೆಯಲ್ಲೂ ಬೇರೆ ನೀರು ಕುಡಿಸುವ ಅಗತ್ಯವಿಲ್ಲ.

ತಮ್ಮ ಗೃಹಭೇಟಿಗಳು 3, 7, 14, 21, 28 ಮತ್ತು 42ನೆಯ ದಿನಗಳಿಗೆ ನಿಗದಿಯಾಗಿವೆ. ಡಬ್ಬಿ ಹಾಲಿನ ಕೂಸಿರುವಲ್ಲಿ ಮೊದಲ ತಿಂಗಳು ಇವುಗಳ ನಡುವೆಯೂ ಒಂದೆರಡು ಸಲ ಹೋಗುವುದು ಒಳಿತೆಂದು ನನ್ನ ಅಭಿಪ್ರಾಯ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ. ನೂರಕ್ಕೆ ಹತ್ತರಷ್ಟನ್ನು ಮೀರಿ ಇಳಿದರೆ ವೈದ್ಯರಲ್ಲಿಗೆ ಕಳುಹಿಸಿರಿ. 14ನೆಯ ದಿನಕ್ಕೆ ಹುಟ್ಟಿದಾಗಿನ ತೂಕ ಮರಳಿರಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ, ಅಂದರೆ ವಾರಕ್ಕೆ 150 ಗ್ರಾಂಗೆ ಕಡಿಮೆಯಿಲ್ಲದಂತೆ ಏರಬೇಕು. ಏರದಿದ್ದರೆ ಮೊದಲು ನಮ್ಮೆದುರಿಗೇ ಒಂದು ಸಲ ಹಾಲು ಕಲಸಿಸಿ ನೋಡುವುದು. ಕೂಸು ಕುಡಿಯಲೊಲ್ಲದೆ ಮಂಕಾದರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ಸೆಳವು ಬಂದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ತಡಮಾಡದೆ 108ಕ್ಕೆ ಕರೆಮಾಡಿರಿ.

ಡಬ್ಬಿ ಕೊಳ್ಳಲಾಗದ ಮನೆಗೆ ಅಳತೆಯ ಪಾಠ ಮಾತ್ರ ಸಾಲದು. ತಾಯಿಯಿಲ್ಲದ ಕೂಸಿನ ಮಾಹಿತಿಯನ್ನು ಅದೇ ವಾರ ವೈದ್ಯಾಧಿಕಾರಿಗಳಿಗೂ ಅಂಗನವಾಡಿ ಮೇಲ್ವಿಚಾರಕಿಯರಿಗೂ ತಲುಪಿಸಿರಿ. ನೆರವಿಗೆ ಅರ್ಹತೆಯಿದೆಯೇ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿರಿ. ಮಕ್ಕಳ ಸಹಾಯವಾಣಿ 1098. ತಾಂಡಾಗಳಿಂದ ಗೋವಾ, ಮಹಾರಾಷ್ಟ್ರಗಳಿಗೆ ದುಡಿಯಲು ಹೋಗುವ ಕುಟುಂಬದಲ್ಲಿ ಕೂಸನ್ನು ಅಜ್ಜಿಯ ಬಳಿ ಬಿಟ್ಟಿದ್ದರೆ ಕಲಸುವ ಕ್ರಮವನ್ನು ಅಜ್ಜಿಗೇ ಕಲಿಸಬೇಕು. ಅವರಿಗೆ ಓದಲು ಬಾರದಿದ್ದರೆ ಮನೆಯ ಲೋಟವೊಂದಕ್ಕೆ 60 ಮಿ.ಲೀ. ನೀರು ಅಳೆದು ಹಾಕಿ, ನೀರಿನ ಮಟ್ಟಕ್ಕೆ ಮೊಳೆಯಿಂದ ಗೀರಿ ಗುರುತು ಮಾಡಿಕೊಟ್ಟು, ಆ ಗುರುತಿಗೆ ಎಷ್ಟು ಚಮಚ ಪುಡಿ ಎಂಬುದನ್ನು ಅವರ ಕೈಯಿಂದಲೇ ಎರಡು ಸಲ ಮಾಡಿಸಿ ಬನ್ನಿರಿ.