ಅಜ್ಜನ ರಿವಾಲ್ವರ್ ಹಿಡಿ: ದಂತಾನಾ, ಎಲುಬಾ, ಪ್ಲಾಸ್ಟಿಕ್ಕಾ?

ಮೋಕದಿಂದ ಮಾತಾಡ್ತಿದ್ದೀನಿ. ಈ ಎಪಿಸೋಡ್ ಸಿರುಗುಪ್ಪ ಕಡೆಯ ಕೇಳುಗರೊಬ್ಬರ ವಾಯ್ಸ್ ನೋಟ್ ಮೇಲೆ. ಅವರ ಅಜ್ಜನ ಲೈಸೆನ್ಸ್ ರಿವಾಲ್ವರ್ ಯಾವತ್ತೋ ಸರೆಂಡರ್ ಆಗಿದೆ. ಟ್ರಂಕಿನಲ್ಲಿ ಅದರ ಹಿಡಿಯ ಎರಡು ಬಿಳಿ ಪಟ್ಟಿ ಮಾತ್ರ ಉಳಿದಿವೆ. ಫೋಟೋ ಹಾಕಿದ ಮೇಲೆ ವಿದೇಶದಿಂದ ಯಾರೋ ಮೆಸೇಜ್ ಮಾಡಿದ್ದಾರೆ: "ಐವರಿ ಇರಬೇಕು, ಒಳ್ಳೆ ರೇಟ್ ಕೊಡ್ತೀನಿ, ಕೊರಿಯರ್ ಮಾಡಿ." ಇವರ ಪ್ರಶ್ನೆ, "ಅಣ್ಣ, ಕಳಿಸ್ಲಾ?" ಉತ್ತರ ಮೊದಲೇ ಹೇಳ್ತೀನಿ: ಬೇಡ. ಯಾಕೆ ಅಂತ ಈಗ ನೋಡೋಣ.

ಮೊದಲನೇ ಮಾತು, ಬರೀ ಹಿಡಿಗೆ ಯಾಕಿಷ್ಟು ಬೇಡಿಕೆ? ಅಮೆರಿಕದಲ್ಲಿ ಹಳೇ ರಿವಾಲ್ವರ್ ಹಿಡಿ ಕೂಡಿಡೋದೇ ಒಂದು ಹವ್ಯಾಸ. ಜನರಲ್ ಪ್ಯಾಟನ್ 1916ರಲ್ಲಿ ಕೊಂಡ ಕೋಲ್ಟ್ ರಿವಾಲ್ವರ್‌ನ ದಂತದ ಹಿಡಿ ಅವರಷ್ಟೇ ಫೇಮಸ್ಸು. ವಾಲ್ಟರ್ ರೋಪರ್ ಅನ್ನೋರು ಗುರಿಕಾರರ ಕೈ ಅಳತೆಗೆ ಮಾಡಿಸಿಕೊಟ್ಟ ಮರದ ಹಿಡಿಗಳನ್ನ ಇವತ್ತಿಗೂ ಹುಡುಕಿ ಕೊಳ್ತಾರೆ. ಅಲ್ಲಿನವರು 'ಇಂಡಿಯನ್ ಸ್ಟ್ಯಾಗ್' ಅನ್ನೋದು ಏನು ಗೊತ್ತಾ? ನಮ್ಮ ಕಡವೆ ಕೊಂಬು! ಒಂದು ಕಾಲಕ್ಕೆ ಇಲ್ಲಿಂದ ರಫ್ತಾಗ್ತಿತ್ತು, ಆಮೇಲೆ ನಿಂತಿತು. ಅದಕ್ಕೇ ಅಲ್ಲಿ ಹಳೇ ಕೊಂಬಿನ ಹಿಡಿಗೆ ರೇಟು.

ಈಗ ಗುರುತು ಹಿಡಿಯೋದು. ಮನೆಯಲ್ಲೇ ಒಂದು ಭೂತಗನ್ನಡಿ ಇದ್ರೆ ಸಾಕು. ಪಟ್ಟಿಯ ತಳದ ಅಂಚು ನೋಡಿ. ಆನೆ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಗೆರೆಗಳು ಇರ್ತಾವೆ, ಬಲೆ ಹೆಣೆದ ಹಾಗೆ. ಇವಕ್ಕೆ ಶ್ರೇಗರ್ ಗೆರೆ ಅಂತ ಹೆಸರು. ಎಲುಬಾದರೆ ಸಣ್ಣ ಸಣ್ಣ ಕಪ್ಪು ಚುಕ್ಕಿ, ಕಡ್ಡಿ ಗೆರೆ ಕಾಣ್ತಾವೆ. ಅವು ರಕ್ತನಾಳ ಹಾದುಹೋದ ತೂತುಗಳು. ಸೆಲ್ಯುಲಾಯ್ಡ್ ಅನ್ನೋ ಹಳೇ ಪ್ಲಾಸ್ಟಿಕ್‌ನಲ್ಲೂ ಗೆರೆ ಮೂಡಿಸ್ತಿದ್ರು, ಆದರೆ ಅವು ಪಕ್ಕಪಕ್ಕದಲ್ಲೇ ಓಡ್ತಾವೆ, ದಾಟಲ್ಲ. ಬೆರಳಿಂದ ಬಿಸಿಯಾಗೋವರೆಗೆ ಉಜ್ಜಿ ಮೂಸಿದ್ರೆ ಕರ್ಪೂರದ ವಾಸನೆ. ಹಿಡಿ ಕಪ್ಪಗಿದ್ದು ಗಂಧಕದ ವಾಸನೆ ಬಂದ್ರೆ ಅದು ವಲ್ಕನೈಟ್, ಅಂದ್ರೆ ಗಟ್ಟಿ ರಬ್ಬರ್. ಹಳೇ ವೆಬ್ಲಿ ರಿವಾಲ್ವರ್‌ಗಳಲ್ಲಿ ಇದು ಮಾಮೂಲು. ಯೂಟ್ಯೂಬ್ ನೋಡಿ ಕಾಯಿಸಿದ ಸೂಜಿ ಚುಚ್ಚೋಕೆ ಹೋಗ್ಬೇಡಿ. ವಸ್ತು ಹಾಳಾಗುತ್ತೆ, ಸೆಲ್ಯುಲಾಯ್ಡ್ ಆಗಿದ್ರೆ ಭಗ್ ಅಂತ ಹತ್ತಿಕೊಳ್ಳುತ್ತೆ.

ಸರಿ, ಬೆಲೆ ಹೇಗೆ ಕಟ್ತಾರೆ? ಮೊದಲು ಒಳಮೈ ತಿರುಗಿಸಿ ನೋಡ್ತಾರೆ. ಹಳೇ ಸ್ಮಿತ್ ಅಂಡ್ ವೆಸನ್‌ಗಳಲ್ಲಿ ಬಲಗಡೆ ಪಟ್ಟಿಯ ಒಳಗೆ ರಿವಾಲ್ವರ್‌ನ ಸೀರಿಯಲ್ ನಂಬರ್ ಇರುತ್ತೆ. ಅದು ಹೊಂದಿದ್ರೆ ಹಿಡಿ ಆ ಗನ್ನಿನ ಜೊತೆಯಲ್ಲೇ ಹುಟ್ಟಿದ್ದು ಅಂತ ಸಾಕ್ಷಿ. ಆಮೇಲೆ ಜೋಡಿ ಪೂರ್ತಿ ಇದೆಯಾ, ಸ್ಕ್ರೂ ಮೂಲದ್ದೇನಾ, ಬಿರುಕು ಎಷ್ಟು, ಯಾರಾದ್ರೂ ಉಜ್ಜುಕಾಗದ ಹಾಕಿದ್ದಾರಾ ಅಂತ. ಪಾಲಿಶ್ ಮಾಡಿದ್ರೆ ಬೆಲೆ ಏರಲ್ಲ, ಇಳಿಯುತ್ತೆ. ಅಜ್ಜನ ಕೈ ಸವೆಸಿದ ಗುರುತೇ ಅದರ ವಯಸ್ಸಿನ ಸರ್ಟಿಫಿಕೇಟು.

ಆದರೆ ಈ ಲೆಕ್ಕ ಎಲ್ಲ ಅಮೆರಿಕದ್ದು. ನಾನು ಬಿ.ಕಾಂ ಓದಿದವನು, ಒಂದು ಮಾತು ಹೇಳ್ತೀನಿ: ಮಾರೋಕೇ ಆಗದ ವಸ್ತುವಿಗೆ ಮಾರ್ಕೆಟ್ ರೇಟ್ ಇರಲ್ಲ. ಭಾರತದಲ್ಲಿ ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿಯಿಂದ ನಮ್ಮ ಆನೆ ದಂತದ ವ್ಯಾಪಾರ ನಿಂತಿತು, 1991ರಲ್ಲಿ ಆಫ್ರಿಕಾದ ದಂತದ್ದೂ ನಿಂತಿತು. ಸಿಕ್ಕಿಬಿದ್ರೆ 3ರಿಂದ 7 ವರ್ಷ ಜೈಲು. "ನಮ್ಮಜ್ಜಂದು ಸಾರ್" ಅಂದ್ರೆ ನಡೆಯಲ್ಲ. ಕಡವೆ ಕೊಂಬು ವರ್ಷವರ್ಷ ತಾನಾಗೇ ಉದುರುತ್ತೆ ನಿಜ, ಆದರೂ ಮಾರೋ ಹಾಗಿಲ್ಲ.

ಇನ್ನೊಂದು ತೊಡಕಿದೆ. 1959ರ ಆಯುಧ ಕಾಯ್ದೆ 'ಆಯುಧ' ಅಂದಾಗ ಅದರ ಬಿಡಿಭಾಗಗಳನ್ನೂ ಸೇರಿಸಿಯೇ ಹೇಳುತ್ತೆ. ಹಾಗಾಗಿ ಮರದ್ದೇ ಆಗಿರಲಿ, ಪ್ಲಾಸ್ಟಿಕ್ಕೇ ಆಗಿರಲಿ, ಹಿಡಿ ಅಲ್ವಾ ಅಂತ ಹಗುರವಾಗಿ ತಗೊಂಡು ಕೊರಿಯರ್ ಮಾಡ್ಬೇಡಿ. ನೂರು ವರ್ಷ ದಾಟಿದ ಕಲಾವಸ್ತುವಾದ್ರೆ 1972ರ ಪುರಾವಸ್ತು ಕಾಯ್ದೆಯೂ ಬರುತ್ತೆ. ಅಂಥದ್ದನ್ನ ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗೇ ಇಲ್ಲ.

ಹಾಗಾದ್ರೆ ಏನು ಮಾಡೋದು? ಒಂದು, ಆ ಪೋಸ್ಟ್ ತೆಗೀರಿ, ಮೆಸೇಜಿಗೆ ರಿಪ್ಲೈ ಬೇಡ. ಎರಡು, ಅಜ್ಜನ ಕಾಗದಪತ್ರ ಹುಡುಕಿ: ಲೈಸೆನ್ಸ್ ಪುಸ್ತಕ, ರಿವಾಲ್ವರ್ ಒಪ್ಪಿಸಿದ ರಸೀದಿ, ದಂತಕ್ಕೆ ಅರಣ್ಯ ಇಲಾಖೆ ಕೊಟ್ಟ ಮಾಲೀಕತ್ವ ಪ್ರಮಾಣಪತ್ರ. ಆ ಪ್ರಮಾಣಪತ್ರ ಇದ್ರೆ ವಾರಸುದಾರರು ಇಟ್ಕೊಬಹುದು, ಆದರೆ ವಾರಸುದಾರಿಕೆ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಮೂರು, ಗೆರೆಗಳು ದಾಟ್ತಿವೆ, ಕಾಗದ ಒಂದೂ ಇಲ್ಲ ಅಂದ್ರೆ ನೇರ ಅಂಗಡಿಗೆ ಹೋಗ್ಬೇಡಿ, ಮೊದಲು ವಕೀಲರನ್ನ ಕಾಣಿ.

ಮೈಸೂರಿನ ಬೀಟೆ ಮರದ ಕೆತ್ತನೆಯವರು ದಂತ ನಿಂತ ಮೇಲೆ ಪ್ಲಾಸ್ಟಿಕ್ ಕೂರಿಸಿ ಕಸುಬು ಉಳಿಸಿಕೊಂಡ್ರು. ಕಸುಬಿನವರೇ ದಂತ ಬಿಟ್ಟು ಬದುಕಿದ್ದಾರೆ, ನಾವು ಒಂದು ಮೆಸೇಜ್ ಡಿಲೀಟ್ ಮಾಡೋಕಾಗಲ್ವಾ? ಮುಂದಿನ ವಾರ ಸಿಗೋಣ. ನಿಮ್ಮನೆ ಟ್ರಂಕಿನಲ್ಲೂ ಹಳೇ ವಸ್ತು ಇದ್ರೆ ವಾಯ್ಸ್ ನೋಟ್ ಕಳಿಸಿ. ಫೋಟೋ ಮಾತ್ರ ಸ್ಟೇಟಸ್‌ಗೆ ಹಾಕ್ಬೇಡಿ!